ಐವತ್ತೆಂಟು ಬಾಣಂತಿ ಮನೆಗಳು

ಜಗಳೂರಿನ ಕೊಟ್ರಮ್ಮನವರ ಫೋನ್ ಬಂದಾಗ ನಾನು ತುಪ್ಪದಲ್ಲಿ ಅಂಟು ಹುರಿಯುತ್ತಿದ್ದೆ. ಅಂಟು ಅರಳುವ ಹೊತ್ತಿನಲ್ಲಿ ಸೌಟು ಕೆಳಗಿಡುವಂತಿಲ್ಲ. ಒಂದು ಗಳಿಗೆ ಹೆಚ್ಚಾದರೂ ಕಹಿಯಾಗುತ್ತದೆ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಹೇಳ್ರಿ ಅಮ್ಮಾ ಎಂದೆ.

"ಏನಿಲ್ಲವ್ವ ಸುಚಿತ್ರಾ, ಈ ವಾರ ಉಂಡಿ ಎರಡು ಪಾಲು ಕಳಿಸ್ತೀಯೇನು ಅಂತ ಕೇಳಾಕೆ ಮಾಡ್ದೆ. ನಿಮ್ಮ ಅಂಗಡಿ ಹುಡುಗ ಎರಡು ಸಲ ನಂಬರ್ ತಗಂಡ. ನಮಗೆ ಒಂದೇ ಪಾಲು ಸಾಕು."

ನಮ್ಮ ಅಂಗಡಿಯಲ್ಲಿ ಹುಡುಗ ಇಲ್ಲ. ಅಂಗಡಿಯೇ ಇಲ್ಲ. ಚನ್ನಗಿರಿಯ ನಮ್ಮ ಮನೆಯ ಹಿಂದಿನ ಪಡಸಾಲೆ, ಎರಡು ಒಲೆ, ಒಂದು ತಕ್ಕಡಿ, ನಾನು ಮತ್ತು ನಮ್ಮತ್ತೆ ಭೀಮಕ್ಕ, ಇಷ್ಟೇ.

ಒಲೆ ಆರಿಸಿದೆ. ಯಾವ ಹುಡುಗ, ಏನೆಂದು ಕೇಳಿದ ಎಂದು ಮೆಲ್ಲಗೆ ವಿಚಾರಿಸಿದೆ. ಅವರು ಸಾವಧಾನವಾಗಿ ಹೇಳಿದರು. ಬಹಳ ಮರ್ಯಾದಸ್ಥ ಹುಡುಗನಂತೆ. ಕೊಟ್ರಮ್ಮನವರೇನ್ರಿ ಎಂದು ಹೆಸರು ಹಿಡಿದೇ ಮಾತಾಡಿಸಿದನಂತೆ. ಮಗುವಿನ ಹೊಟ್ಟೆನೋವು ಕಡಿಮೆಯಾಯಿತೇ, ಓಮಿನ ಪುಡಿ ಸಾಕಾಗುತ್ತಿದೆಯೇ ಎಂದೂ ಕೇಳಿದನಂತೆ. ಸುಚಿತ್ರಕ್ಕನಿಗೆ ಕೈ ಬಿಡುವಿಲ್ಲ, ಅದಕ್ಕೆ ನಾನು ಮಾಡುತ್ತಿದ್ದೇನೆ, ಮಗಳ ಫೋನಿಗೆ ಒಂದು ನಂಬರ್ ಬರುತ್ತದೆ, ಓದಿ ಹೇಳಿ ಅಂದನಂತೆ. ಬಂತು, ಓದಿ ಹೇಳಿದರು. ಎರಡು ನಿಮಿಷ ಬಿಟ್ಟು, ಅದು ಆಗಲಿಲ್ಲ, ಇನ್ನೊಂದು ಬರುತ್ತದೆ ಅಂದ. ಅದನ್ನೂ ಹೇಳಿದರು.

ಕೊಟ್ರಮ್ಮನವರಿಗೆ ಅಂಕಿ ಓದಲು ಬರುತ್ತದೆ, ಇಂಗ್ಲಿಷಿನ ಮೆಸೇಜು ಓದಲು ಬರುವುದಿಲ್ಲ. ಅವರ ಯಜಮಾನರಾದ ಪಂಚಾಕ್ಷರಪ್ಪನವರನ್ನು ಕರೆಯಿರಿ ಎಂದೆ. ಅವರು ಕನ್ನಡಕ ಹುಡುಕಿ, ಮಗಳ ಫೋನು ಹಿಡಿದುಕೊಂಡು ಬಂದು ಓದಿದರು. ಮೊದಲನೆಯದು ಇಪ್ಪತ್ನಾಲ್ಕು ಸಾವಿರ. ಎರಡನೆಯದು ಹದಿನೆಂಟು ಸಾವಿರ.

ನಮ್ಮ ಒಂದು ವಾರದ ಪೊಟ್ಟಣಕ್ಕೆ ಆರುನೂರ ಐವತ್ತು ರೂಪಾಯಿ.

ಆಮೇಲೆ ಪಂಚಾಕ್ಷರಪ್ಪನವರು ಒಂದೇ ಒಂದು ಮಾತು ಕೇಳಿದರು.

"ಕಾರ್ಡಿನ ನಂಬರ್ ನಿನ್ನ ಹತ್ರ ಅಷ್ಟೇ ಇತ್ತಲ್ಲಮ್ಮ. ಅವನಿಗೆ ಹೆಂಗೆ ಸಿಕ್ತು?"

ಗೊತ್ತಿಲ್ಲ ಎಂದೆ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಇಂಥ ಮೋಸಕ್ಕೆಂದೇ ಇರುವ ಹತ್ತೊಂಬತ್ತು ಮೂವತ್ತು ನಂಬರಿಗೆ ಈ ಗಳಿಗೆಯೇ ಫೋನ್ ಮಾಡಿ, ಬೇಗ ಹೇಳಿದರೆ ದುಡ್ಡು ತಡೆಯಲು ಆಗುತ್ತದೆ, ಆಮೇಲೆ ಬ್ಯಾಂಕಿಗೂ ಹೇಳಿ ಕಾರ್ಡು ನಿಲ್ಲಿಸಿ ಎಂದು ಹೇಳಿ ಫೋನಿಟ್ಟೆ. ಗೋಡೆ ಗಡಿಯಾರದಲ್ಲಿ ಹತ್ತೂ ಮುಕ್ಕಾಲು.

ನಾವು ಮಾಡುವುದು ಬಾಣಂತಿಯರ ತಿನಿಸು. ಅಂಟಿನುಂಡಿ, ಖಾರದ ಪುಡಿ, ಓಮಿನ ಪುಡಿ, ಮೆಂತ್ಯದ ಹಿಟ್ಟು. ಕೈಗುಣ ಅತ್ತೆಯದು, ಫೋನು ನನ್ನದು. ಮಗಳನ್ನು ಬಾಣಂತನಕ್ಕೆ ಕರೆತಂದ ತವರಿನವರು ನಮಗೆ ಹೇಳುತ್ತಾರೆ. ಮೂರು ತಿಂಗಳೋ ಐದು ತಿಂಗಳೋ, ವಾರ ವಾರ ಪೊಟ್ಟಣ ಹೋಗುತ್ತದೆ. ಹೊನ್ನಾಳಿ, ನ್ಯಾಮತಿಗೆ ಒಂದು ಖಾಸಗಿ ಬಸ್ಸು. ಜಗಳೂರಿನದು ದಾವಣಗೆರೆಯಲ್ಲಿ ಬಸ್ಸು ಬದಲಾಯಿಸುತ್ತದೆ. ಕಂಡಕ್ಟರ್ ಕೈಗೆ ಕೊಟ್ಟರೆ ಸಂಜೆಯೊಳಗೆ ಮನೆ ಸೇರುತ್ತದೆ.

ದುಡ್ಡು ತರಿಸಿಕೊಳ್ಳುವುದೇ ತೊಡಕಾಗಿತ್ತು. ಕಂಡಕ್ಟರ್ ಪೊಟ್ಟಣ ಒಯ್ಯುತ್ತಾನೆ, ದುಡ್ಡಿನ ಹೊಣೆ ಹೊರುವುದಿಲ್ಲ. ಇನ್ನು ಬಾಣಂತಿ ಫೋನ್ ನೋಡಿದರೆ ಮುಂದೆ ಕಣ್ಣು ಹೋಗುತ್ತದೆ ಎಂದು ನಮ್ಮ ಕಡೆ ಹೆರಿಗೆಯಾಗಿ ಮನೆಗೆ ಬಂದ ದಿನವೇ ಫೋನನ್ನು ಇಸಿದುಕೊಂಡು ಗೂಡಿನಲ್ಲಿಡುತ್ತಾರೆ. ಕಾರ್ಡು ಮಗಳದು, ಫೋನು ಮಗಳದು, ಎರಡನ್ನೂ ಹಿಡಿದಿರುವವಳು ತಾಯಿ. ಬಸ್ ನಿಲ್ದಾಣದ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವ ಪ್ರದೀಪ್ ನಮಗೆ ಆರ್ಡರ್ ತೆಗೆದುಕೊಳ್ಳುವ ಒಂದು ಪುಟ ಮಾಡಿಕೊಟ್ಟಿದ್ದ. ತಾಯಂದಿರು ಅಲ್ಲಿ ಉಂಡಿ ಆರಿಸುವ ತನಕ ಬರುತ್ತಿದ್ದರು. ಕಾರ್ಡಿನ ಹದಿನಾರು ಅಂಕಿ ಒತ್ತಿರಿ ಎಂದು ಬಂದ ಕೂಡಲೇ ಬಿಟ್ಟು ಹೋಗುತ್ತಿದ್ದರು. ಒಂದು ತಿಂಗಳು ನೋಡಿದೆ. ಬಂದ ಇಪ್ಪತ್ತು ಜನರಲ್ಲಿ ಹದಿಮೂರು ಜನ ಅಲ್ಲಿಯೇ ನಿಂತರು.

ಆಗ ನಾನೇ ಒಂದು ದಾರಿ ಕಂಡುಕೊಂಡೆ. ಒಂದೇ ಒಂದು ಸಲ ಕಾರ್ಡಿನ ಎರಡೂ ಮಗ್ಗುಲಿನ ಫೋಟೋ ಕಳಿಸಿ, ಮುಂದೆ ನಿಮಗೆ ಯಾವ ತಾಪತ್ರಯವೂ ಬೇಡ ಎಂದೆ. ಪ್ರತಿ ವಾರ ನಾನೇ ಅವರ ಕಾರ್ಡಿನ ಅಂಕಿಗಳನ್ನು ಒತ್ತುತ್ತಿದ್ದೆ. ಬ್ಯಾಂಕಿನ ನಂಬರು ಗೂಡಿನಲ್ಲಿರುವ ಫೋನಿಗೆ ಹೋಗುತ್ತಿತ್ತು. ತಾಯಿ ಅದನ್ನು ನನಗೆ ಓದಿ ಹೇಳುತ್ತಿದ್ದಳು. ಅಷ್ಟಕ್ಕೇ ಕೆಲಸ ಮುಗಿಯುತ್ತಿತ್ತು. ಎಷ್ಟೋ ಮನೆಗಳಲ್ಲಿ ನನ್ನ ದನಿ ಕೇಳಿದ ಕೂಡಲೇ, ನಾನು ಕೇಳುವ ಮೊದಲೇ ಅಂಕಿ ಓದಲು ಶುರು ಮಾಡುತ್ತಿದ್ದರು. ಎಂಟು ತಿಂಗಳಲ್ಲಿ ಐವತ್ತೆಂಟು ಮನೆಗಳಾದವು.

ಅಷ್ಟನ್ನೂ ಪ್ರದೀಪನ ಹತ್ತಿರ ಹೇಳಿ ಒಂದು ಶೀಟಿಗೆ ಹಾಕಿಸಿಕೊಂಡಿದ್ದೆ. ಊರು, ತಾಯಿಯ ಹೆಸರು, ತಾಯಿಯ ಫೋನು, ಮಗಳ ಫೋನು, ಕಾರ್ಡಿನ ಅಂಕಿ, ಹಿಂದಿನ ಮೂರು ಅಂಕಿ. ಕೊನೆಯಲ್ಲಿ ಷರಾ ಎಂದು ಒಂದು ಕಾಲಂ, ಅದು ನನ್ನ ಇಷ್ಟದ್ದು. ಕೂಸಿಗೆ ಹೊಟ್ಟೆನೋವು, ಓಮು ಹೆಚ್ಚು. ಅವಳಿ. ಎದೆಹಾಲು ಕಡಿಮೆ, ಆಳ್ವಿ ಬೀಜ ಹಾಕಬೇಕು. ಬೆಲ್ಲ ಒಗ್ಗಲ್ಲ. ಒಂದೊಂದು ಮನೆಗೂ ಬೇರೆ ಬೇರೆ ಪಾಕ ಹಿಡಿಯುವುದಕ್ಕೆ ಅದು ಬೇಕಿತ್ತು. ಆ ಹುಡುಗ ಕೊಟ್ರಮ್ಮನವರ ಮನಸ್ಸು ಗೆದ್ದದ್ದು ಆ ಕಾಲಮ್ಮಿನಿಂದಲೇ.

ಶೀಟಿಗೆ ಮೊದಲು ಪಾಸ್‌ವರ್ಡ್ ಇತ್ತು. ನಾನು ಮೂರು ಸಲ ಮರೆತೆ. ನನ್ನ ಮಗಳಿಗೆ ಜ್ವರ ಬಂದು ಆಸ್ಪತ್ರೆಯಲ್ಲಿ ಕೂತಿದ್ದ ವಾರ ನಮ್ಮ ಮನೆಯವರ ಫೋನಿನಲ್ಲಿ ಅದು ತೆರೆಯಲೇ ಇಲ್ಲ. ಹನ್ನೊಂದು ಮನೆಗಳಿಗೆ ಪೊಟ್ಟಣ ಹೋಗಲಿಲ್ಲ. ಲಿಂಕ್ ಒತ್ತಿದವರಿಗೆಲ್ಲ ತೆರೆಯುವ ಹಾಗೆ ಮಾಡಿಕೊಡು ಎಂದು ಪ್ರದೀಪನಿಗೆ ಹೇಳಿದವಳು ನಾನೇ. ಅವನು ಬೇಡ ಅಂದಿದ್ದ. ಕಾರ್ಡಿನ ವಿಷಯ ನಾವು ಇಟ್ಟುಕೊಳ್ಳುವುದೇ ತಪ್ಪು, ದುಡ್ಡು ಕಟ್ಟಿಸಿಕೊಳ್ಳುವ ಕಂಪನಿಯವರೇ ಅದನ್ನು ನೋಡಿಕೊಳ್ಳುತ್ತಾರೆ, ಆದರೆ ಬಾಣಂತಿಯರೇ ತಮ್ಮ ಫೋನಿನಲ್ಲಿ ಒತ್ತಬೇಕಾಗುತ್ತದೆ ಅಂದಿದ್ದ. ಅದು ಆಗದ ಮಾತು ಎಂದಿದ್ದೆ. ಆಮೇಲೆ ಆ ಲಿಂಕನ್ನು ಎಷ್ಟು ಜನಕ್ಕೆ ಕಳಿಸಿದ್ದೇನೆ ಎಂದು ಈಗ ಲೆಕ್ಕ ಹಾಕಿದರೆ ನನಗೇ ಸಿಗುವುದಿಲ್ಲ. ಕೆಲಸ ಹೆಚ್ಚಾದಾಗ ಪೊಟ್ಟಣ ಕಟ್ಟಲು ಬರುತ್ತಿದ್ದವರಿಗೆ, ಲೇಬಲ್ ಹೊಡೆಯುವವರಿಗೆ, ಒಮ್ಮೆ ಅವಸರದಲ್ಲಿ ನಂಟರ ಗುಂಪಿಗೆ. ಅದು ಯಾರ ಕೈ ಸೇರಿತೋ ಇವತ್ತಿಗೂ ಗೊತ್ತಿಲ್ಲ.

ಪ್ರದೀಪನಿಗೆ ಫೋನ್ ಮಾಡಿದೆ. ಅವನು ಎರಡೇ ನಿಮಿಷದಲ್ಲಿ ನನ್ನ ಫೋನೊಂದನ್ನು ಬಿಟ್ಟು ಉಳಿದವರಿಗೆಲ್ಲ ಲಿಂಕ್ ಮುಚ್ಚಿದ. ಮುಚ್ಚಿದರೂ ಪ್ರಯೋಜನ ಕಡಿಮೆ, ತೆಗೆದುಕೊಂಡವನ ಹತ್ತಿರ ಅದು ಉಳಿದೇ ಇರುತ್ತದೆ ಎಂದ. ಆದರೆ ಬರೀ ಕಾರ್ಡಿನ ಅಂಕಿಯಿಂದ ಅವನು ಹೆಚ್ಚೇನೂ ಮಾಡಲಾರ, ಫೋನಿಗೆ ಬರುವ ನಂಬರನ್ನು ಯಾರಾದರೂ ಅವನಿಗೆ ಓದಿ ಹೇಳಬೇಕು. ಹೇಳದಿದ್ದರೆ ಉಳಿಯಿತು.

ಓದಿ ಹೇಳುವುದನ್ನೇ ಎಂಟು ತಿಂಗಳಿಂದ ನಾನು ಅವರಿಗೆ ಕಲಿಸಿದ್ದೆ.

"ಅಕ್ಕಾ, ಒಂದು ಮಾತು ಹೇಳ್ತೀನಿ, ಬೇಜಾರಾಗಬೇಡ್ರಿ," ಎಂದ ಪ್ರದೀಪ್. "ನಿಮ್ಮಿಂದ ಹೋಗೈತೆ ಅಂತ ಹೇಳಾಕೆ ಹೋಗಬೇಡ್ರಿ. ಬ್ಯಾಂಕಿನ ಹೆಸರಲ್ಲಿ ಯಾರೋ ಕಳ್ಳರು ಫೋನ್ ಮಾಡ್ತಿದಾರೆ, ಹುಷಾರು ಅಂತ ಅಷ್ಟೇ ಹೇಳ್ರಿ. ಇಲ್ಲಾಂದ್ರೆ ನಾಳೆಯಿಂದ ಒಂದು ಉಂಡಿನೂ ಹೋಗಲ್ಲ ನಿಮ್ದು."

ಅಷ್ಟರಲ್ಲಿ ಅತ್ತೆ ಹಿತ್ತಲಿನಿಂದ ಬಂದು ಬಾಣಲೆ ನೋಡಿದರು. ಸೀದುಹೋದ ಅಂಟನ್ನು ಬೆರಳಲ್ಲಿ ಎತ್ತಿ, ಅರ್ಧ ಕೆ.ಜಿ. ತುಪ್ಪ ಹಾಳು ಎಂದು ಬಾಯಿ ತೆಗೆಯುವ ಮೊದಲೇ ವಿಷಯ ಹೇಳಿದೆ. ಅವರು ಸೆರಗಿಗೆ ಕೈ ಒರೆಸಿಕೊಂಡು ನಿಂತರು. "ನನ್ನ ಬಿಪಿ ಗುಳಿಗಿ ಎಲ್ಲಿಟ್ಟೀನಿ ಅಂತ ನನಗೇ ನೆನಪಿರಲ್ಲ. ಅದಕ್ಕೇ ಯಾರೂ ಕದ್ದಿಲ್ಲ," ಎಂದು ಹೇಳಿ, ತಮ್ಮ ಗುಂಡಿ ಫೋನು ತರಲು ಒಳಗೆ ಹೋದರು.

ಜಗಳೂರಿನದು ಒಟ್ಟು ಎಂಟು ಮನೆ. ಶೀಟಿನಲ್ಲಿ ಅವೇ ಮೊದಲು. ಮೊದಲನೆಯ ಮನೆಯ ಬಾಣಂತನ ಮುಗಿದು ಎರಡು ತಿಂಗಳಾಗಿತ್ತು. ಅವರಿಗೂ ಬೆಳಿಗ್ಗೆ ಫೋನ್ ಬಂದಿತ್ತು, ಮಗಳು ಫೋನ್ ಸಮೇತ ಗಂಡನ ಮನೆಗೆ ಹೋಗಿದ್ದರಿಂದ ಏನೂ ಆಗಲಿಲ್ಲ. ಎರಡನೆಯವರು ಅವನ ಕರೆ ಎತ್ತಿರಲಿಲ್ಲ. ಮೂರನೆಯವರು ಕೊಟ್ರಮ್ಮ. ನಾಲ್ಕನೆಯ ಮನೆಯವರ ಜೊತೆ ನಾನು ಮಾತಾಡುತ್ತಿರುವಾಗಲೇ ಅವರಿಗೆ ಇನ್ನೊಂದು ಕರೆ ಬರತೊಡಗಿತು. ಅಂದರೆ ಅವನು ಮೇಲಿನಿಂದ ಕೆಳಗೆ, ಸಾಲು ಹಿಡಿದು ಬರುತ್ತಿದ್ದ. ನಾನೂ ಅದೇ ಸಾಲಿನಲ್ಲಿ ಅವನಿಗಿಂತ ಒಂದು ಹೆಜ್ಜೆ ಮುಂದೆ ಓಡಬೇಕಿತ್ತು.

ನಮ್ಮ ಮನೆಯವರು, ಓಂಕಾರ್, ಮೋಟಾರ್ ವೈಂಡಿಂಗ್ ಅಂಗಡಿಗೆ ಶಟರ್ ಎಳೆದು ಬಂದರು. ಕೊನೆಯಲ್ಲಿದ್ದ ಕತ್ತಲಗೆರೆ, ಉಬ್ರಾಣಿ, ಸೂಳೆಕೆರೆ ಕಡೆಯ ಹದಿನಾಲ್ಕು ಮನೆ ಅವರ ಪಾಲಿಗೆ. ಜಗಳೂರಿನಲ್ಲಿ ಉಳಿದವರೂ ಹೊನ್ನಾಳಿಯೂ ನನಗೆ. ಅತ್ತೆ ನ್ಯಾಮತಿಯವರಿಗೆ ಒಂದೊಂದಾಗಿ ಹಚ್ಚುತ್ತಾ ಕೂತರು, ನಂಬರು ನಾನು ದೊಡ್ಡದಾಗಿ ಬರೆದುಕೊಟ್ಟೆ.

ನಮಗಿದ್ದ ಅನುಕೂಲ ಒಂದೇ. ಹತ್ತೂವರೆಯಿಂದ ಹನ್ನೆರಡರ ತನಕ ಈ ಊರುಗಳಲ್ಲಿ ಬಾಣಂತಿಗೆ ನೀರೆರೆಯುವ ಹೊತ್ತು. ಹಂಡೆ ಕಾಯಿಸಿ, ಎಣ್ಣೆ ತಿಕ್ಕಿ, ತಾಯಿಗೂ ಕೂಸಿಗೂ ಎರೆದು, ಸಾಂಬ್ರಾಣಿ ಹೊಗೆ ಹಾಕಿ ಮಲಗಿಸುವ ತನಕ ಮನೆಯ ಹೆಂಗಸರೆಲ್ಲ ಬಚ್ಚಲಲ್ಲೇ ಇರುತ್ತಾರೆ. ಯಾರು ಫೋನ್ ಮಾಡಿದರೂ ಎತ್ತುವುದಿಲ್ಲ. ಜಗಳೂರಿನಲ್ಲಿ ಮಾತ್ರ ಎರೆಯುವಾಕೆ ಬೆಳಿಗ್ಗೆ ಎಂಟಕ್ಕೇ ಬಂದು ಹೋಗುತ್ತಾಳೆ. ಇದು ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅವನು ಬಾರಿಸಿ ಬಾರಿಸಿ ಮುಂದಕ್ಕೆ ಹೋಗುತ್ತಾನೆ. ಆದರೆ ನನಗೂ ಯಾರೂ ಸಿಗುವುದಿಲ್ಲ. ಹನ್ನೆರಡಾದ ಮೇಲೆ ಐವತ್ತು ಮನೆಗಳ ಫೋನು ಒಟ್ಟಿಗೆ ಕೈಗೆ ಬರುತ್ತವೆ, ಆಗ ಯಾರ ಕರೆ ಮೊದಲು ಹೋಗುತ್ತದೋ ಅವರದ್ದು.

ಹನ್ನೊಂದೂವರೆಯೊಳಗೆ ಹೊನ್ನಾಳಿಯಲ್ಲಿ ನೀರೆರೆದು ಬೇಗ ಮುಗಿಸಿದ್ದ ಆರು ಮನೆಗಳು ಸಿಕ್ಕವು. ಪ್ರದೀಪ್ ಹೇಳಿಕೊಟ್ಟ ಮಾತನ್ನೇ ಹೇಳಿದೆ. ಬ್ಯಾಂಕಿನವರು ಅಂತ ಯಾರಾದರೂ ಕೇಳಿದರೆ ನಂಬರು ಕೊಡಬೇಡಿ. ಆರೂ ಜನ, ಆಯ್ತವ್ವ, ಪಾಪ ಎಷ್ಟು ನೆನಸಿಕೊಂಡು ಹೇಳ್ತೀಯ ಎಂದರು. ಆ ಒಳ್ಳೆಯ ಮಾತು ನನಗೆ ಮುಳ್ಳಿನಂತೆ ಚುಚ್ಚಿತು. ಆದರೂ ಮುಂದಿನ ಮನೆಗೂ ಅದನ್ನೇ ಹೇಳಿದೆ.

ಮುಂದಿನ ಮನೆ ಶಾಂತಾದೇವಿಯವರದು. ಶೀಟಿನಲ್ಲಿ ಅವಳಿ ಎಂದು ಬರೆದಿದ್ದುದು ಅವರ ಹೆಸರಿನ ಮುಂದೆ. ಒಂದು ಕೂಸು ಅಳುತ್ತಿತ್ತು, ಇನ್ನೊಂದನ್ನು ಅವರು ತೊಡೆಯ ಮೇಲೆ ಹಾಕಿಕೊಂಡಿದ್ದಿರಬೇಕು, ಮಾತಿನ ನಡುವೆ ಜೋ ಜೋ ಅನ್ನುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಬ್ಯಾಂಕಿನೋರಿಗೆ ಯಾರು ಹೇಳ್ತಾರೆ ಬಿಡು ಎಂದರು. ಅಷ್ಟರಲ್ಲಿ ಅವರ ಹಿಂದೆ ಇನ್ನೊಂದು ಫೋನು ರಿಂಗಾಯಿತು.

"ಮಗಳ ಫೋನು. ನಿಮ್ಮ ಹುಡುಗಂದೇ ಇರಬೇಕು, ಆಗ್ಲೇ ಒಂದು ಸಲ ಮಾಡಿದ್ದ. ಇಗೋ ಮೆಸೇಜೂ ಬಂದೈತೆ," ಎಂದರು ಶಾಂತಾದೇವಿ. "ಒಂದು ನಿಮಿಷ ಇರು, ಅವನಿಗೆ ನಂಬರ್ ಹೇಳಿ ಬರ್ತೀನಿ."

ಬೇಡ ಎಂದೆ. ಅವರಿಗೆ ಕೇಳಿಸಲಿಲ್ಲ, ಕೂಸು ಜೋರಾಗಿ ಅಳುತ್ತಿತ್ತು. ಫೋನನ್ನು ಪಕ್ಕಕ್ಕಿಟ್ಟ ಸದ್ದಾಯಿತು. ಹಲೋ, ಹೇಳಪ್ಪ ಎಂದು ಅವರು ಆ ಫೋನಿನಲ್ಲಿ ಅನ್ನುವುದು ಕೇಳುತ್ತಿತ್ತು. ನಾನು ನನ್ನ ಪಡಸಾಲೆಯಲ್ಲಿ ನಿಂತು, ಇಷ್ಟು ವರ್ಷ ಮಗಳ ಮೇಲೂ ಎತ್ತದ ದನಿಯಲ್ಲಿ ಶಾಂತಮ್ಮಾ ಎಂದು ಕೂಗಿದೆ. ಎರಡು ಸಲ, ಮೂರು ಸಲ. ಎದುರು ಮನೆಯವರು ಬಾಗಿಲಿಗೆ ಬಂದರು.

"ಏನವ್ವ ಹಂಗೆ ಕಿರುಚ್ತೀಯ," ಎಂದು ಅವರು ಮತ್ತೆ ನನ್ನ ಫೋನು ಎತ್ತಿಕೊಂಡರು. "ಮೂರು ಅಂಕಿ ಹೇಳಿದ್ದೆ ಅಷ್ಟೇ."

"ಅವನು ನಮ್ಮ ಹುಡುಗ ಅಲ್ಲ. ನಮ್ಮ ಹುಡುಗ ಅಂತ ಯಾರೂ ಇಲ್ಲ. ನಿಮ್ಮ ಮಗಳ ಕಾರ್ಡಿನ ನಂಬರು ನನ್ನ ಹತ್ರ ಇತ್ತಲ್ಲ, ಅದು ನನ್ನಿಂದಲೇ ಹೊರಗೆ ಹೋಗೈತೆ. ತಪ್ಪು ನಂದು. ಉಳಿದ ಮೂರು ಅಂಕಿ ಹೇಳಬೇಡ್ರಿ. ಇನ್ನು ಮೇಲೆ ನಾನೇ ಕೇಳಿದ್ರೂ ಹೇಳಬೇಡ್ರಿ."

ಆಮೇಲೆ ಅವರು ಆ ಇನ್ನೊಂದು ಫೋನನ್ನು ಆರಿಸಿದರು. ನನ್ನ ಕರೆಯನ್ನೂ ಕಡಿದರು.

ಅರ್ಧ ಸತ್ಯ ಯಾಕೆ ಕೆಲಸಕ್ಕೆ ಬರಲಿಲ್ಲ ಎಂದು ಆಗ ನನಗೆ ಅರ್ಥವಾಯಿತು. ಅವನು ಬ್ಯಾಂಕಿನ ಹೆಸರು ಹೇಳುತ್ತಲೇ ಇರಲಿಲ್ಲ, ನನ್ನ ಹೆಸರು ಹೇಳುತ್ತಿದ್ದ. ನನ್ನ ಮೇಲಿನ ನಂಬಿಕೆ ಹೋಗದೆ ಅವರ ದುಡ್ಡು ಉಳಿಯುವಂತಿರಲಿಲ್ಲ. ಆ ಆರು ಮನೆಗಳಿಗೂ ಜಗಳೂರಿನವರಿಗೂ ಮತ್ತೆ ಫೋನ್ ಮಾಡಿದೆ. ತಪ್ಪು ನನ್ನದು ಎಂಬ ಮಾತನ್ನು ಮೊದಲ ಮನೆಗಳಲ್ಲಿ ಕೊನೆಗೆ ಉಳಿಸಿಕೊಂಡು ಹೇಳಿದೆ. ನಾಲ್ಕನೆಯ ಮನೆಗೆ ಬರುವಷ್ಟರಲ್ಲಿ ಅಭ್ಯಾಸವಾಯಿತು. ಒಬ್ಬರು ಬೈದರು. ಒಬ್ಬರು ನಕ್ಕು, ಖಾತೆಯಲ್ಲಿ ಮುನ್ನೂರು ರೂಪಾಯಿ ಐತೆ, ಅವನೇ ಇನ್ನಷ್ಟು ಹಾಕಲಿ ಎಂದರು.

ಹನ್ನೆರಡು ಬಾರಿಸಿತು. ನಾವು ಮೂವರೂ ಒಟ್ಟಿಗೆ ಮಾತಾಡತೊಡಗಿದೆವು. ಓಂಕಾರ್ ಹಿತ್ತಲಲ್ಲಿ, ಅತ್ತೆ ಹೊಸ್ತಿಲಲ್ಲಿ, ನಾನು ಒಲೆಯ ಮುಂದೆ. ನಮ್ಮ ಮನೆಯವರು ಯಾರ ಹತ್ತಿರವೂ ನಾಲ್ಕು ಮಾತಿಗಿಂತ ಹೆಚ್ಚು ಆಡಿದವರಲ್ಲ. ಅವತ್ತು ಗುರುತಿಲ್ಲದ ಹೆಂಗಸರಿಗೆಲ್ಲ ಅಕ್ಕಾರೆ, ಅವ್ವಾರೆ ಅಂದುಕೊಂಡು ವಿವರಿಸುತ್ತಿದ್ದರು. ಅತ್ತೆಯದು ಬೇರೆ ದಾರಿ. ಉಂಡಿ ಮಾಡೋ ಭೀಮಕ್ಕ ಮಾತಾಡೋದು, ಫೋನಲ್ಲಿ ಯಾರಿಗೂ ಏನೂ ಹೇಳಬೇಡ್ರಿ, ನನಗೂ ಹೇಳಬೇಡ್ರಿ ಎಂದು ಅಷ್ಟೇ ಹೇಳಿ ಇಡುತ್ತಿದ್ದರು. ಸಿಕ್ಕ ಮನೆಗೆ ನಾನು ಶೀಟಿನಿಂದ ಬರೆದುಕೊಂಡ ಪಟ್ಟಿಯ ಮೇಲೆ ಗೆರೆ ಎಳೆಯುತ್ತಿದ್ದೆ.

ಒಂದೂವರೆಗೆ ಉಳಿದದ್ದು ನ್ಯಾಮತಿಯ ಒಂದೇ ಮನೆ. ತಾಯಿಯ ಫೋನು ಸ್ವಿಚ್ಚಾಫ್. ಮಗಳ ಫೋನು ಹತ್ತು ಸಲ ಎಂಗೇಜ್ ಬಂತು. ಗೂಡಿನಲ್ಲಿರಬೇಕಾದ ಫೋನಿನಲ್ಲಿ ಯಾರು ಯಾರ ಜೊತೆ ಮಾತಾಡುತ್ತಿದ್ದಾರೆ ಎಂದು ಯೋಚಿಸುತ್ತಲೇ ಮತ್ತೆ ಹಚ್ಚಿದೆ, ಮತ್ತೆ ಎಂಗೇಜ್. ನಮ್ಮ ಪೊಟ್ಟಣ ಒಯ್ಯುವ ಕಂಡಕ್ಟರ್ ತಿಪ್ಪೇರುದ್ರ ಆ ಹೊತ್ತಿಗೆ ನ್ಯಾಮತಿ ತಲುಪಿರುತ್ತಾನೆ ಎಂದು ಓಂಕಾರ್ ನೆನಪಿಸಿದರು. ಅವನಿಗೆ ಹೇಳಿದೆ. ಬಸ್ಸು ಬಿಡಲು ಆರು ನಿಮಿಷ ಐತೆ ಅಕ್ಕಾ, ಮನೆ ಬಸ್ಟ್ಯಾಂಡಿನ ಹಿಂದೇನೆ ಎಂದ. ಏಳೆಂಟು ನಿಮಿಷ ಕಳೆದ ಮೇಲೆ ಏದುಸಿರು ಬಿಡುತ್ತಾ ಅವನೇ ಮಾಡಿದ. ಮಾತಾಡುತ್ತಿದ್ದವಳು ಬಾಣಂತಿಯೇ. ತಾಯಿ ಗಿರಣಿಗೆ ಹೋದ ಹೊತ್ತು ನೋಡಿ ಗೂಡಿನಿಂದ ಫೋನು ತೆಗೆದು ಗಂಡನ ಜೊತೆ ಮಾತಿಗೆ ಕೂತಿದ್ದಳಂತೆ. ಬಸ್ ಕಂಡಕ್ಟರ್ ಸೀಟಿ ಸಮೇತ ಬಾಗಿಲಲ್ಲಿ ನಿಂತದ್ದು ನೋಡಿ ಕಕ್ಕಾಬಿಕ್ಕಿಯಾದಳಂತೆ. ಆ ಹೊತ್ತಿನಲ್ಲೂ ನಮಗೆ ನಗು ಬಂತು.

ಕೊನೆಯ ಗೆರೆ ಎಳೆದಾಗ ಗೊತ್ತಾದದ್ದು: ಐವತ್ತೆಂಟರಲ್ಲಿ ಹದಿನೇಳು ಮನೆಗೆ ಅವನ ಫೋನ್ ಬಂದಿತ್ತು. ದುಡ್ಡು ಹೋದದ್ದು ಒಂದೇ ಮನೆಯದು.

ಆ ಒಂದು ಮನೆಗೆ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಮಗಳಿಗೆ ಜಡೆ ಹಾಕಿ, ಡಬ್ಬಿ ಕಟ್ಟಿ, ಉಳಿದದ್ದನ್ನು ಅತ್ತೆಗೆ ಒಪ್ಪಿಸಿ ಬಂದೆ. ಮನೆಯಲ್ಲಿದ್ದ ಹತ್ತು ಸಾವಿರ ತಂದಿದ್ದೆ. ಫೋನಿನಲ್ಲಿ ಗೊತ್ತಿಲ್ಲ ಎಂದಿದ್ದೆನಲ್ಲ, ಅದನ್ನು ಎದುರಿಗೆ ನಿಂತು ತಿದ್ದಬೇಕಿತ್ತು.

ಜಗಳೂರಿನ ಆ ಮನೆಯಲ್ಲಿ ಕೊಟ್ರಮ್ಮನವರು ಕಾಲಿಗೆ ನೀರು ಕೊಟ್ಟರು. ದಾರಿಯಿಂದ ಬಂದವರು ಬಾಣಂತಿ ಕೋಣೆಯ ಕಡೆ ಹೋಗುವಂತಿಲ್ಲ ಎಂದು ಪಡಸಾಲೆಯ ಈ ತುದಿಯಲ್ಲಿ ಚಾಪೆ ಹಾಸಿದರು. ಕೋಣೆಗೆ ಬಾಗಿಲಿರಲಿಲ್ಲ, ಹಳೆಯ ಸೀರೆಯ ಪರದೆ ಇತ್ತು. ನನ್ನಿಂದಲೇ ಹೋಗಿದೆ ಎಂದು ಪಂಚಾಕ್ಷರಪ್ಪನವರಿಗೆ ಎಲ್ಲವನ್ನೂ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು. ಹತ್ತೊಂಬತ್ತು ಮೂವತ್ತಕ್ಕೆ ಹೇಳಿದ್ದರಿಂದ ಹದಿನೆಂಟು ಸಾವಿರ ಬ್ಯಾಂಕಿನಲ್ಲೇ ತಡೆ ಹಿಡಿದಿದ್ದಾರಂತೆ, ಇಪ್ಪತ್ನಾಲ್ಕು ಸಾವಿರ ದಾಟಿ ಹೋಗಿದೆಯಂತೆ ಎಂದರು. ಮಗಳು ಶಿವಲೀಲಾ ದಾವಣಗೆರೆಯ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಅವರು ಸಂಬಳದ ರಜೆ ಕೊಟ್ಟದ್ದು ಮೂರು ತಿಂಗಳು. ಇನ್ನೂ ಮೂರು ತಿಂಗಳು ಕೂಸಿನ ಜೊತೆ ಇರಬೇಕೆಂದು ಎರಡು ವರ್ಷದಿಂದ ಕೂಡಿಟ್ಟುಕೊಂಡ ದುಡ್ಡು ಅದು.

"ಅವಳಿಗೆ ಹೇಳಿಲ್ಲ," ಎಂದರು ಕೊಟ್ರಮ್ಮ, ಪಿಸುದನಿಯಲ್ಲಿ. "ಹಾಲು ಬತ್ತಿ ಹೋದೀತು. ಕೇಳಿದ್ರೆ ಪೊಟ್ಟಣ ಕೊಡಾಕೆ ಬಂದಿದ್ದೆ ಅನ್ನು."

ಹೂಂ ಎಂದೆ. ತಾಯಿಯಾದವಳಿಗೆ ಆ ಭಯ ಗೊತ್ತು. ನನ್ನ ಹಸಿ ಮೈಯಲ್ಲಿ ನನ್ನಿಂದಲೂ ಏನೇನು ಮುಚ್ಚಿಟ್ಟಿದ್ದರೋ. ಹತ್ತು ಸಾವಿರವನ್ನು ಚಾಪೆಯ ಮೇಲಿಟ್ಟು ಏಳುವುದರಲ್ಲಿದ್ದೆ.

"ಅವ್ವಾ, ಅವರನ್ನ ಒಳಗೆ ಕಳಿಸು," ಎಂದಿತು ಪರದೆಯ ಆಚೆಯ ದನಿ.

ಕೊಟ್ರಮ್ಮನವರು ನನ್ನ ಮುಖ ನೋಡಿದರು. ನಾನು ಒಳಗೆ ಹೋದೆ. ಅರೆಗತ್ತಲು, ಹೊಗೆಯ ವಾಸನೆ. ತಲೆಗೆ ಬಿಗಿದ ಬಟ್ಟೆಯನ್ನು ಶಿವಲೀಲಾ ಕಿವಿಯ ಮೇಲಿಂದ ಸರಿಸಿಕೊಂಡಿದ್ದಳು. ಇಪ್ಪತ್ತಾರು ವರ್ಷವಿರಬಹುದು. ನಾನು ಐದು ವಾರದಿಂದ ಅವಳಿಗೆಂದು ಓಮು ಹುರಿದಿದ್ದೇನೆ, ಮುಖ ನೋಡಿದ್ದು ಅವತ್ತೇ.

"ನನ್ನ ಕಾರ್ಡಿಗೆ ಏನಾಗೈತ್ರಿ?"

ಕೂಸು ಅವಳ ಎದೆಗಂಟಿ ಹಾಲು ಕುಡಿಯುತ್ತಿತ್ತು. ಅದನ್ನೇ ನೋಡುತ್ತಾ ಎಲ್ಲವನ್ನೂ ಹೇಳಿದೆ. ಫೋಟೋ ತರಿಸಿಕೊಂಡದ್ದು, ಶೀಟು, ಪಾಸ್‌ವರ್ಡ್ ತೆಗೆಸಿದ್ದು, ಹುಡುಗ, ಇಪ್ಪತ್ನಾಲ್ಕು ಸಾವಿರ, ಐವತ್ತೆಂಟು ಮನೆಗೂ ಫೋನ್ ಮಾಡಿ ಎಚ್ಚರಿಸಿದ್ದು. ಅವಳು ಅಳಲಿಲ್ಲ. ಕೂಸನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು.

"ನನ್ನ ಕಾರ್ಡಿನ ಫೋಟೋ ನಿಮ್ಮ ಹತ್ರ ಐತೆ ಅನ್ನೋದೇ ನನಗೆ ಗೊತ್ತಿಲ್ಲ. ಯಾರನ್ನ ಕೇಳಿ ಇಟ್ಕೊಂಡ್ರಿ?"

ನಿಮ್ಮ ತಾಯಿಯನ್ನು ಎಂದೆ.

"ಕಾರ್ಡ್ ನಮ್ಮವ್ವಂದಾ?" ಎಂದಳು. ಉತ್ತರಕ್ಕೆ ಕಾಯದೆ, ಕಾರ್ಡು ನಿಲ್ಲಿಸಿದ್ದಾರೆಯೇ ಎಂದು ಕೇಳಿದಳು. ಪಂಚಾಕ್ಷರಪ್ಪನವರು ಹೊರಗಿನಿಂದಲೇ ಹೇಳಿದರು: ಬ್ಯಾಂಕಿಗೆ ಮಾಡಿದ್ದರಂತೆ, ಖಾತೆ ಯಾರದೋ ಅವರೇ ಮಾತಾಡಬೇಕು ಎಂದರಂತೆ, ಇವಳು ಮಲಗಿದ್ದಳು, ಎಬ್ಬಿಸುವುದು ಬೇಡವೆಂದು ಸುಮ್ಮನಾದರಂತೆ.

ಅಂದರೆ ನಿನ್ನೆಯಿಂದ ಆ ಕಾರ್ಡು ಹಾಗೆಯೇ ತೆರೆದಿತ್ತು.

ಶಿವಲೀಲಾ ಕೈ ಚಾಚಿದಳು. ಕೊಟ್ರಮ್ಮನವರು ಫೋನನ್ನು ತಂದು ಕೊಡುವಾಗ, ಕಣ್ಣು ಎಂದು ಏನೋ ಹೇಳಹೋಗಿ ನುಂಗಿಕೊಂಡರು. ಅವಳು ಬ್ಯಾಂಕಿಗೆ ಹಚ್ಚಿ, ಹೆಸರು, ಹುಟ್ಟಿದ ದಿನ ಹೇಳಿ ಐದು ನಿಮಿಷದಲ್ಲಿ ಕಾರ್ಡು ನಿಲ್ಲಿಸಿದಳು. ನಾನು ಅಲ್ಲಿಯವರೆಗೂ ನಿಂತೇ ಇದ್ದೆ. ಹತ್ತು ಸಾವಿರ ತಂದಿದ್ದೇನೆ, ಉಳಿದದ್ದನ್ನು ಮೂರು ಕಂತಿನಲ್ಲಿ ಕೊಡುತ್ತೇನೆ ಎಂದೆ. ಕೊಡ್ರಿ, ಬೇಡ ಅನ್ನಲ್ಲ ಎಂದಳು. ಉಂಡಿ ಮಾತ್ರ ಇನ್ನು ಬೇಡ ಎಂದೂ ಹೇಳಿದಳು.

ಪರದೆ ಎತ್ತುವಾಗ ಹಿಂದಿನಿಂದ ಕೇಳಿದಳು. "ನಿನ್ನೆ ಐವತ್ತೆಂಟು ಮನೆಗೆ ಹೇಳೀನಿ ಅಂದ್ರಲ್ಲ. ಯಾರಿಗೆ ಹೇಳಿದ್ರಿ?"

ಬಸ್ ನಿಲ್ದಾಣಕ್ಕೆ ನಡೆಯುತ್ತಾ ಅದೇ ಪ್ರಶ್ನೆ ಕಾಲಿಗೆ ತೊಡರುತ್ತಿತ್ತು. ಹೇಳಿದ್ದು ತಾಯಂದಿರಿಗೆ. ಗೂಡಿನ ಫೋನಿಗೆ. ಅವರೆಲ್ಲ ಆಯ್ತವ್ವ ಎಂದಿದ್ದರು. ಯಾವ ತಾಯಿ ತಾನೇ ಹಾಲೂಡುವ ಮಗಳನ್ನು ಎಬ್ಬಿಸಿ ಇಂಥದ್ದು ಹೇಳುತ್ತಾಳೆ? ನಾನಾದರೂ ಹೇಳುತ್ತಿರಲಿಲ್ಲ. ಐವತ್ತೇಳು ಕಾರ್ಡುಗಳೂ ನಿನ್ನೆಯಿಂದ ತೆರೆದೇ ಇದ್ದಿರಬೇಕು. ನಾನು ಗೆರೆ ಎಳೆದು ಮುಗಿಯಿತು ಅಂದುಕೊಂಡಿದ್ದೆ.

ದಾವಣಗೆರೆ ಬಸ್ಸು ಸಿದ್ಧವಾಗಿ ನಿಂತಿತ್ತು. ಹತ್ತಲಿಲ್ಲ. ಕಟ್ಟೆಯ ಮೇಲೆ ಕೂತು ಶೀಟಿನ ಮೊದಲ ಸಾಲು ತೆಗೆದೆ. ಮೊದಲನೆಯ ಮನೆಯ ಮಗಳು ಗಂಡನ ಮನೆಯಲ್ಲಿದ್ದಳು, ತಾನೇ ಎತ್ತಿದಳು, ಐದು ನಿಮಿಷದಲ್ಲಿ ಮುಗಿಯಿತು. ಎರಡನೆಯ ಮನೆಯಲ್ಲಿ ಎತ್ತಿದ್ದು ತಾಯಿ. ನಿನ್ನೆಯೇ ಹೇಳಿದ್ಯಲ್ಲವ್ವ, ಯಾರಿಗೂ ನಂಬರ್ ಕೊಟ್ಟಿಲ್ಲ, ಉಂಡಿಗೆ ಬೇರೆ ಕಡೆ ಹೇಳೀವಿ ಎಂದರು. ಸರಿ ಅಮ್ಮಾ, ನಾನು ಉಂಡಿಗೆ ಮಾಡಿಲ್ಲ, ಮಗಳ ಕೈಗೆ ಫೋನ್ ಕೊಡಿ, ಅವಳ ಹತ್ತಿರವೇ ಒಂದು ಮಾತು ಹೇಳಬೇಕು ಎಂದೆ.

"ಅವಳು ಬಾಣಂತಿ ಕಣವ್ವ. ಈಗ ತಾನೇ ಮಲಗ್ಯಾಳೆ."

"ಎದ್ದ ಮೇಲೆ ಕೊಡ್ರಿ," ಎಂದೆ. "ನಾನು ಇಲ್ಲೇ ಕೂತಿರ್ತೀನಿ."